ಚಿತ್ರ ಮಾರಿಯಾಯಿತು, ಇನ್ನು ಕಳಿಸುವುದು ಹೇಗೆ?

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಮುಗಿಯಿತೆಂದರೆ ಒಂದು ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. "ಅಕ್ಕಾ, ಪುಣೆಯವರೊಬ್ಬರು ಮೂರಡಿ ಕ್ಯಾನ್ವಾಸ್ ತಗೊಂಡಿದ್ದಾರೆ, ಕೊರಿಯರ್‌ಗೆ ಹಾಕಬಹುದಾ?" "ಗಾಜು ಹಾಕಿಸಿದ್ದನ್ನ ಹಾಗೇ ಕಳಿಸಲಾ?" "ಅಮೆರಿಕಕ್ಕೆ ಸುತ್ತಿ ಕಳಿಸಿದರೆ ಬಣ್ಣ ಬಿರಿಯಲ್ವಾ?" 2003ರಲ್ಲಿ ಚಿತ್ರಕಲಾ ಪರಿಷತ್ತು ಸಂತೆ ಶುರುಮಾಡಿದ ಕಾಲಕ್ಕೆ ಕೊಂಡವರು ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡೇ ಬಸ್ಸು ಹತ್ತುತ್ತಿದ್ದರು. ಈಗ ಸಂತೆಯಲ್ಲಿ ನೋಡಿ, ಊರಿಗೆ ಹೋಗಿ ಗೋಡೆ ಅಳೆದು, ಆಮೇಲೆ ಫೋನಿನಲ್ಲಿ ದುಡ್ಡು ಹಾಕುವವರಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದಿಡುತ್ತೇನೆ.

ಮೊದಲೇ ಒಂದು ಮಾತು. ಹಾಳಾಗಿ ಬಂದ ಚಿತ್ರಗಳನ್ನು ಸುಮಾರು ನೋಡಿದ್ದೇನೆ. ಅವುಗಳಲ್ಲಿ ಕೊರಿಯರ್‌ನವರು ಎತ್ತಿಹಾಕಿದ್ದರಿಂದ ಕೆಟ್ಟದ್ದು ಕಡಿಮೆ. ಕಳಿಸಿದವರು ಒಳಗೆ ಇಟ್ಟ ವಸ್ತುವೇ ಬಣ್ಣಕ್ಕೆ ಅಂಟಿಯೋ ಉಜ್ಜಿಯೋ ಕೆಟ್ಟದ್ದು ಜಾಸ್ತಿ. ಪೆಟ್ಟಿಗೆ ಬೀಳುತ್ತದೆ, ಅದೂ ಮೂಲೆ ಮೇಲೆ ಬೀಳುತ್ತದೆ. ಅದರ ಮೇಲೆ ಯಾರದೋ ಅಕ್ಕಿ ಮೂಟೆ ಕೂರುತ್ತದೆ. ಇದೆಲ್ಲ ಆಗಿಯೇ ತೀರುತ್ತದೆ ಅಂದುಕೊಂಡು ಕಟ್ಟಬೇಕು. ಬಣ್ಣದ ಮುಖಕ್ಕೆ ನೀವು ಯೋಚಿಸಿ ಆರಿಸಿದ ವಸ್ತುವನ್ನು ಬಿಟ್ಟು ಬೇರೇನೂ ತಾಗಬಾರದು, ಚಿತ್ರ ಒಳಗೆ ಅಲ್ಲಾಡಬಾರದು, ಮೂಲೆಗೆ ಬಿದ್ದ ಏಟು ಮೂಲೆಯಲ್ಲೇ ನಿಲ್ಲಬೇಕು. ಕೆಳಗಿನ ಹಂತಗಳೆಲ್ಲ ಈ ಮೂರಕ್ಕಾಗಿಯೇ.

ಹಂತ 1: ಚಿತ್ರ ನಿಜವಾಗಿ ಒಣಗಿದೆಯಾ?

ತೈಲವರ್ಣ ಮುಟ್ಟಿದರೆ ಕೈಗೆ ಹತ್ತುತ್ತಿಲ್ಲ ಅಂದಮಾತ್ರಕ್ಕೆ ಒಣಗಿದೆ ಅಂತಲ್ಲ. ಮೇಲುಪದರ ಒಂದೆರಡು ವಾರದಲ್ಲಿ ಗಟ್ಟಿಯಾಗುತ್ತದೆ, ಒಳಗಿನದಕ್ಕೆ ತಿಂಗಳುಗಳೇ ಬೇಕು. ಚಾಕುವಿನಲ್ಲಿ ದಪ್ಪ ಬಣ್ಣ ಹಚ್ಚಿದ್ದರೆ ಇನ್ನೂ ಜಾಸ್ತಿ. ಅಂಚಿನಲ್ಲಿ, ಕಟ್ಟಿನ (ಫ್ರೇಮಿನ) ಒಳಗೆ ಮುಚ್ಚಿಹೋಗುವ ಕಡೆ, ದಪ್ಪ ಬಣ್ಣದ ಮೇಲೆ ಉಗುರನ್ನು ಮೆಲ್ಲಗೆ ಒತ್ತಿ ನೋಡಿ. ಗುರುತು ಉಳಿದರೆ ಕಳಿಸಬೇಡಿ. ಕೊಂಡವರಿಗೆ "ಇನ್ನೆರಡು ತಿಂಗಳು ಬೇಕು" ಎಂದು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಂಟಿದ ಚಿತ್ರ ಕೈಸೇರಿದರೆ ಮಾತ್ರ ಖಂಡಿತ ಮಾಡಿಕೊಳ್ಳುತ್ತಾರೆ.

ಅಕ್ರಿಲಿಕ್‌ನ ಕತೆ ಬೇರೆ. ಗಂಟೆಯಲ್ಲಿ ಒಣಗುತ್ತದೆ, ಅದಕ್ಕೇ ನಮಗೆ ಧೈರ್ಯ ಜಾಸ್ತಿ. ಆದರೆ ಅದು ಒಂದು ಬಗೆಯ ಪ್ಲಾಸ್ಟಿಕ್. ಎಷ್ಟು ವರ್ಷ ಕಳೆದರೂ ಬಿಸಿ ತಾಗಿದರೆ ಮೆತ್ತಗಾಗುತ್ತದೆ, ಮೆತ್ತಗಾದಾಗ ಮೇಲೆ ಒತ್ತಿಕೊಂಡಿರುವುದಕ್ಕೆ ಅಂಟುತ್ತದೆ. ಮೇ ತಿಂಗಳಲ್ಲಿ ಮುಚ್ಚಿದ ಲಾರಿಯ ಒಳಗೆ ಎಷ್ಟು ಸೆಕೆ ಇರುತ್ತದೆ ಅಂತ ನಾನು ಹೇಳಬೇಕಿಲ್ಲ. ಎರಡು ಅಕ್ರಿಲಿಕ್ ಚಿತ್ರಗಳನ್ನು ಮುಖಕ್ಕೆ ಮುಖ ಜೋಡಿಸಿ ಕಳಿಸಿದರೆ ತಲುಪುವ ಹೊತ್ತಿಗೆ ಎರಡೂ ಸೇರಿ ಒಂದಾಗಿರುತ್ತವೆ.

ವಾರ್ನಿಷ್ ಹಚ್ಚಿದ್ದರೆ ಇನ್ನೂ ಎರಡು ವಾರ ತಡೆಯಿರಿ. ಇದ್ದಿಲು, ಪ್ಯಾಸ್ಟಲ್ ಚಿತ್ರಗಳಿಗೆ ಫಿಕ್ಸೆಟಿವ್ (ಪುಡಿ ಉದುರದಂತೆ ಸಿಂಪಡಿಸುವ ದ್ರಾವಣ) ಹೊಡೆದಿದ್ದರೂ ಅವು ಉಜ್ಜಿದರೆ ಉದುರುತ್ತವೆ ಎಂದೇ ತಿಳಿಯಿರಿ.

ಹಂತ 2: ಫೋಟೋ

ಮುಂಭಾಗ, ಹಿಂಭಾಗ, ನಾಲ್ಕು ಮೂಲೆ, ಸಹಿ. ಮೊದಲೇ ಇರುವ ಗೀರು, ಕಲೆ ಇದ್ದರೆ ಅದನ್ನೂ ಹತ್ತಿರದಿಂದ. ಕಟ್ಟುವ ಪ್ರತಿ ಹಂತದಲ್ಲೂ ಒಂದೊಂದು ತೆಗೆಯಿರಿ. ಯಾಕೆಂದು ವಿಮೆಯ ಮಾತು ಬಂದಾಗ ಹೇಳುತ್ತೇನೆ.

ಹಂತ 3: ಸಾಮಾನು ತರುವುದು

ಬೆಂಗಳೂರಿನಲ್ಲಿದ್ದರೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಕಡೆ ಒಂದು ಬೆಳಗ್ಗೆ ಸುತ್ತಿದರೆ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ. ಬೇರೆ ಊರುಗಳಲ್ಲಿ ಕಾಗದದ ಅಂಗಡಿ, ಕಟ್ಟು ಹಾಕುವವರ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಈ ಮೂರು ಸಾಕು.

ಗ್ಲಾಸಿನ್ ಎಂದರೆ ನುಣುಪಾದ, ಅರೆಪಾರದರ್ಶಕ ಕಾಗದ. ಜಲವರ್ಣ, ಶಾಯಿ, ಪೆನ್ಸಿಲ್ ಚಿತ್ರಗಳ ಮುಖಕ್ಕೆ ಇದು ಒಳ್ಳೆಯದು. ಆದರೆ ಅಕ್ರಿಲಿಕ್‌ಗೆ, ದಪ್ಪ ತೈಲವರ್ಣಕ್ಕೆ ಇದನ್ನು ನಂಬಬೇಡಿ, ತೇವ ಮತ್ತು ಸೆಕೆ ಎರಡೂ ಸೇರಿದರೆ ಅಂಟುತ್ತದೆ. ಅವುಗಳಿಗೆ ಸಿಲಿಕೋನ್ ಲೇಪಿಸಿದ ರಿಲೀಸ್ ಪೇಪರ್ ಬೇಕು. ಸ್ಟಿಕ್ಕರ್ ಕಿತ್ತ ಮೇಲೆ ಹಿಂದೆ ಉಳಿಯುತ್ತದಲ್ಲ ಜಾರುವ ಕಾಗದ, ಅದೇ ಜಾತಿ. ಸಿಗದಿದ್ದರೆ ಬೇಕರಿಯವರು ಕೇಕಿನ ತಟ್ಟೆಗೆ ಹಾಸುವ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಆಗುತ್ತದೆ. ಇಲ್ಲೊಂದು ಎಡವಟ್ಟಿದೆ. ಅಂಗಡಿಯಲ್ಲಿ "ಬಟರ್ ಪೇಪರ್" ಎಂದು ಕೇಳಿದರೆ ಒಬ್ಬರು ಇದನ್ನು ಕೊಡುತ್ತಾರೆ, ಇನ್ನೊಬ್ಬರು ನಕ್ಷೆ ತೆಗೆಯುವ ಟ್ರೇಸಿಂಗ್ ಕಾಗದ ಕೊಡುತ್ತಾರೆ. ಟ್ರೇಸಿಂಗ್ ಕಾಗದ ಅಂಟುತ್ತದೆ. ಒಂದು ತುಂಡಿನ ಮೇಲೆ ಸೆಲ್ಲೋಟೇಪ್ ಅಂಟಿಸಿ ನೋಡಿ. ಸಲೀಸಾಗಿ ಬಿಟ್ಟುಕೊಂಡು ಬಂದರೆ ಸಿಲಿಕೋನ್ ಇದೆ, ಕಾಗದವೇ ಕಿತ್ತು ಬಂದರೆ ಇಲ್ಲ.

ಸುಕ್ಕುರಟ್ಟು, ಎಂದರೆ ಒಳಗೆ ಅಲೆ ಅಲೆಯಾಗಿರುವ ರಟ್ಟು, 3 ಪ್ಲೈ, 5 ಪ್ಲೈ, 7 ಪ್ಲೈ ಎಂದು ಸಿಗುತ್ತದೆ. ಪ್ಲೈ ಎಂದರೆ ಪದರ. ಒಳಗೆ ಹಾಸಲು 3 ಪ್ಲೈ ಸಾಕು, ಹೊರಪೆಟ್ಟಿಗೆ 5ಕ್ಕಿಂತ ಕಡಿಮೆ ಬೇಡ. ಇದರ ಜೊತೆ ಸನ್‌ಬೋರ್ಡ್ (ಫಲಕ ಮಾಡಲು ಬಳಸುವ ಹಗುರವಾದ ಪ್ಲಾಸ್ಟಿಕ್ ಹಲಗೆ), ಬಬಲ್ ರ್ಯಾಪ್, ಇಪಿಇ ಫೋಮ್ (ಹೊಸ ಫ್ರಿಜ್ ಬಂದಾಗ ಮೂಲೆಗಳಿಗೆ ಹಾಕಿರುತ್ತಾರಲ್ಲ, ಆ ಬಿಳಿ ಮೆತ್ತೆ), ಎರಡಿಂಚಿನ ಕಂದು ಟೇಪು, ಮಾಸ್ಕಿಂಗ್ ಟೇಪು, ದಪ್ಪ ಪಾಲಿಥಿನ್ ಹಾಳೆ.

ತರಬೇಡದ್ದು: ಹಳೇ ಪತ್ರಿಕೆ. ಪುಕ್ಕಟೆ ಸಿಗುತ್ತದೆ ಎಂದು ಎಲ್ಲರೂ ಅದಕ್ಕೇ ಕೈಹಾಕುತ್ತಾರೆ. ಅದರ ಶಾಯಿ ನಿಮ್ಮ ಬಿಳಿ ಆಕಾಶದ ಮೇಲೆ ಮುಖ್ಯಮಂತ್ರಿಗಳ ಭಾಷಣ ಅಚ್ಚು ಮಾಡಿ ಕೊಡುತ್ತದೆ.

ಹಂತ 4: ಮುಖ ಮುಚ್ಚುವುದು

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ, ಹಾಗಾಗಿ ನಿಧಾನಕ್ಕೆ ಓದಿ.

ಮೇಜು ಒರೆಸಿ, ಒಗೆದ ಬೆಡ್‌ಶೀಟ್ ಹಾಸಿ, ಕೈಯಲ್ಲಿ ಉಂಗುರ ಬಳೆ ಇದ್ದರೆ ತೆಗೆದಿಡಿ. ಚಿತ್ರವನ್ನು ಮುಖ ಮೇಲೆ ಮಾಡಿ ಮಲಗಿಸಿ. ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಿರಿ, ಮರಳಿನ ಒಂದು ಕಣ ಒಳಗುಳಿದರೂ ಅದು ದಾರಿಯುದ್ದಕ್ಕೂ ಬಣ್ಣದ ಮೇಲೆ ಗೀಚುತ್ತಾ ಹೋಗುತ್ತದೆ. ಚಿತ್ರಕ್ಕಿಂತ ನಾಲ್ಕೂ ಕಡೆ ಮೂರಿಂಚು ದೊಡ್ಡದಾದ ರಿಲೀಸ್ ಪೇಪರನ್ನು ಮೇಲೆ ಹಾಸಿ, ಅಂಚುಗಳನ್ನು ಹಿಂದಕ್ಕೆ ಮಡಚಿ, ಹಿಂಭಾಗದಲ್ಲಿ ಮಾತ್ರ ಮಾಸ್ಕಿಂಗ್ ಟೇಪು ಹಾಕಿ. ಕಾಗದ ಬಿಗಿಯಾಗಿರಲಿ, ಅತ್ತಿತ್ತ ಸರಿದಾಡಿದರೆ ಅದೇ ಉಜ್ಜುಕಾಗದ.

ಬಬಲ್ ರ್ಯಾಪ್ ಇದರ ಮೇಲೆ ಬರಬೇಕು, ನೇರವಾಗಿ ಬಣ್ಣದ ಮೇಲೆ ಎಂದೂ ಬರಬಾರದು. ಬಂದಾಗಲೂ ಗುಳ್ಳೆಗಳು ಹೊರಮುಖವಾಗಿ, ಚಪ್ಪಟೆ ಭಾಗ ಚಿತ್ರದ ಕಡೆಗೆ. ಇದನ್ನು ನಾನು ಕಲಿತದ್ದು ನನ್ನದೇ ಒಂದು ಅಕ್ರಿಲಿಕ್ ಕೆರೆಯ ಚಿತ್ರದಿಂದ. ಬೇಸಿಗೆಯಲ್ಲಿ ಕಲಬುರಗಿಗೆ ಹೋಗಿತ್ತು, ನಾನು ಗುಳ್ಳೆ ಒಳಗೆ ಮಾಡಿ ಬಿಗಿಯಾಗಿ ಸುತ್ತಿದ್ದೆ. ವಾಪಸು ಬಂದಾಗ ಓರೆ ಬೆಳಕಿಗೆ ಹಿಡಿದು ನೋಡಿದರೆ ಕೆರೆಯ ನೀಲಿ ತುಂಬಾ ಸಾಲುಸಾಲು ಉರುಟು ಗುರುತು, ಥೇಟ್ ಪಡ್ಡಿನ ಹಂಚು. ಒರೆಸಿದರೆ ಹೋಗುವಂಥದ್ದಲ್ಲ ಅದು, ಬಣ್ಣವೇ ಒತ್ತಿಕೊಂಡು ಹೋಗಿರುತ್ತದೆ. ಆ ಭಾಗ ಮತ್ತೆ ಬರೆದೆ.

ಕಾಗದದ ಚಿತ್ರಗಳಾದರೆ ಕ್ರಮ ಸ್ವಲ್ಪ ಬೇರೆ. ಗ್ಲಾಸಿನ್ ಮಡಿಕೆಯ ಒಳಗೆ ಚಿತ್ರ ಇಡಿ. ಅದನ್ನು ಚಿತ್ರಕ್ಕಿಂತ ಎರಡಿಂಚು ದೊಡ್ಡದಾದ ಗಟ್ಟಿ ರಟ್ಟಿನ ಮೇಲಿಟ್ಟು, ನಾಲ್ಕು ಮೂಲೆಗೂ ಕಾಗದದ ತ್ರಿಕೋನ ಜೇಬು ಮಾಡಿ, ಆ ಜೇಬನ್ನು ರಟ್ಟಿಗೆ ಅಂಟಿಸಿ. ಹಳೇ ಮದುವೆ ಆಲ್ಬಮ್ಮಿನಲ್ಲಿ ಫೋಟೋ ನಿಲ್ಲಿಸುತ್ತಿದ್ದ ಹಾಗೆ. ಟೇಪು ಚಿತ್ರವನ್ನು ಮುಟ್ಟಲೇಬಾರದು. ಇದ್ದಿಲು, ಪ್ಯಾಸ್ಟಲ್ ಆದರೆ ಗ್ಲಾಸಿನ್ ಕೂಡ ಮುಖಕ್ಕೆ ತಾಗದಂತೆ ಸುತ್ತಲೂ ದಪ್ಪ ಮೌಂಟ್ ರಟ್ಟಿನ ಚೌಕ ಕೊಟ್ಟು ಎತ್ತರಿಸಿ.

ಹಂತ 5: ಮೂಲೆ ಮತ್ತು ಎರಡು ಹಲಗೆ

ಕ್ಯಾನ್ವಾಸ್ ಅಥವಾ ಕಟ್ಟು ಹಾಕಿಸಿದ ಚಿತ್ರದ ಪ್ರಾಣ ಇರುವುದು ಮೂಲೆಯಲ್ಲಿ. ಅಂಗಡಿಯಲ್ಲಿ ಫೋಮ್ ಮೂಲೆಗಳು ಸಿಗುತ್ತವೆ. ಇಲ್ಲದಿದ್ದರೆ ಇಪಿಇ ಫೋಮ್ ಕತ್ತರಿಸಿ ನೀವೇ ಮಾಡಿ. ಮೂಲೆಯ ಮೆತ್ತೆ ಚಿತ್ರದ ದಪ್ಪಕ್ಕಿಂತ ಮುಂದೆ ಅರ್ಧ ಇಂಚು, ಹಿಂದೆ ಅರ್ಧ ಇಂಚು ಹೊರಚಾಚಿರಬೇಕು. ಆಗ ಮೇಲೆ ಹಾಕುವ ಹಲಗೆ ಮೂಲೆಗಳ ಮೇಲೆ ನಿಲ್ಲುತ್ತದೆ, ಬಣ್ಣದ ಮೇಲೆ ಕೂರುವುದಿಲ್ಲ.

ಈಗ ಎರಡು ಹಲಗೆ. ಸನ್‌ಬೋರ್ಡ್ ಆಗಬಹುದು, ರಟ್ಟೂ ಆಗಬಹುದು. ರಟ್ಟಾದರೆ ಒಂದೊಂದು ಕಡೆಗೂ ಎರಡೆರಡು ಹಾಳೆ ಹಾಕಿ, ಒಂದರ ಅಲೆ ಉದ್ದಕ್ಕೆ ಹರಿದರೆ ಇನ್ನೊಂದರದ್ದು ಅಡ್ಡಕ್ಕೆ ಹರಿಯಲಿ. ಒಂದೇ ದಿಕ್ಕಿಗಿಟ್ಟರೆ ಎರಡೂ ಒಟ್ಟಿಗೇ ಮಡಚಿಕೊಳ್ಳುತ್ತವೆ. ಅಡ್ಡ ಉದ್ದ ಮಾಡಿಟ್ಟರೆ ಮಂಡಿ ಊರಿದರೂ ಬಗ್ಗುವುದಿಲ್ಲ, ಬೇಕಾದರೆ ಪರೀಕ್ಷೆ ಮಾಡಿ. ಕ್ಯಾನ್ವಾಸಿನ ಹಿಂಭಾಗಕ್ಕೂ ಹಲಗೆ ಬೇಕೇಬೇಕು. ಮುಂದೆ ಮಾತ್ರ ಹಾಕಿ ಹಿಂದೆ ಬಟ್ಟೆಯನ್ನು ಹಾಗೇ ಬಿಟ್ಟವರ ಚಿತ್ರಕ್ಕೆ ಹಿಂದಿನಿಂದ ಯಾರದೋ ಪೆಟ್ಟಿಗೆಯ ಮೂಲೆ ಚುಚ್ಚುತ್ತದೆ, ಮುಂದೆ ಬಣ್ಣ ಬಿರಿಯುತ್ತದೆ.

ಹಲಗೆ ಹಾಕುವ ಮೊದಲು ಹಿಂದಿನ ಕೊಕ್ಕೆ, ತಂತಿ, ಸ್ಕ್ರೂ ಬಿಚ್ಚಿ. ಒಂದು ಲಕೋಟೆಯಲ್ಲಿ ಹಾಕಿ, ಹಲಗೆಯ ಹೊರಮೈಗೆ ಅಂಟಿಸಿ. ಎರಡು ಚಿತ್ರ ಒಟ್ಟಿಗೆ ಕಳಿಸುವಾಗ ಒಂದರ ಕೊಕ್ಕೆ ಇನ್ನೊಂದರ ಹೊಟ್ಟೆಗೆ ಹೋಗುವುದು ಅಪರೂಪವೇನಲ್ಲ.

ಟೇಪಿನ ತುದಿಯನ್ನು ಪ್ರತಿ ಸಲವೂ ಸ್ವಲ್ಪ ಒಳಮಡಚಿ ಬಿಡಿ, ಹಿಡಿದು ಎಳೆಯಲು ಬರಲಿ. ಇದನ್ನು ಯಾರೂ ಮಾಡುವುದಿಲ್ಲ. ಹಾಗಾಗಿ ಕೊಂಡವರು ಕತ್ತರಿಯೋ ಬ್ಲೇಡೋ ತಗೊಂಡು ಕೊಯ್ಯುತ್ತಾರೆ, ಅಷ್ಟು ದೂರ ಸುಖವಾಗಿ ಬಂದ ಚಿತ್ರ ಅವರ ಹಾಲ್‌ನಲ್ಲಿ ಗೀರು ತಿನ್ನುತ್ತದೆ.

ಹಂತ 6: ಪೆಟ್ಟಿಗೆ

ಹೊರಪೆಟ್ಟಿಗೆಗೂ ಒಳಗೆ ಹಲಗೆ ಸಮೇತ ಕಟ್ಟಿದ ಚಿತ್ರಕ್ಕೂ ನಡುವೆ ಎಲ್ಲ ಕಡೆಯೂ ಎರಡಿಂಚು ಜಾಗ ಇರಬೇಕು, ಆ ಜಾಗವನ್ನು ಫೋಮ್‌ನಿಂದ ತುಂಬಬೇಕು. ಚಿತ್ರದ ಅಳತೆಗೇ ಸರಿಯಾದ ಪೆಟ್ಟಿಗೆ ಸಿಕ್ಕಿತೆಂದು ಖುಷಿಪಡಬೇಡಿ, ಅದರ ಮೂಲೆಗೆ ಬಿದ್ದ ಏಟು ನೇರ ಚಿತ್ರದ ಮೂಲೆಗೇ ಬೀಳುತ್ತದೆ.

ಚಪ್ಪಟೆಯಾದ ದೊಡ್ಡ ಪೆಟ್ಟಿಗೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಟಿವಿ ಮಾರುವ ಅಂಗಡಿಗೆ ಹೋಗಿ. 32, 43 ಇಂಚಿನ ಟಿವಿ ಬಂದ ಪೆಟ್ಟಿಗೆ, ಕೆಲವೊಮ್ಮೆ ಒಳಗಿನ ಥರ್ಮಾಕೋಲ್ ಸಮೇತ, ಕೇಳಿದರೆ ಕೊಡುತ್ತಾರೆ. ಹೊರಗಿನ ಟಿವಿ ಚಿತ್ರವನ್ನೂ ಹಳೇ ಬಾರ್‌ಕೋಡನ್ನೂ ಮರೆಯದೆ ಮುಚ್ಚಿ, ಇಲ್ಲದಿದ್ದರೆ ಅದನ್ನು ಟಿವಿ ಎಂದುಕೊಂಡು ಆಸೆಪಡುವವರೂ ಇರುತ್ತಾರೆ. ಅಳತೆ ಹೊಂದದಿದ್ದರೆ ಎರಡು ಪೆಟ್ಟಿಗೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ ಉದ್ದ ಮಾಡಿಕೊಳ್ಳಬಹುದು.

ಪೆಟ್ಟಿಗೆಗೆ ಇಳಿಸುವ ಮೊದಲು ಹಲಗೆ ಸಮೇತ ಚಿತ್ರವನ್ನು ಪಾಲಿಥಿನ್ ಹಾಳೆಯಲ್ಲಿ ಸುತ್ತಿ. ಮಳೆಗಾಲದಲ್ಲಿ ಮಂಗಳೂರು, ಶಿವಮೊಗ್ಗ ಕಡೆಗೆ ಹೋಗುವುದಾದರೆ ಇದು ಬಿಡುವಂತಿಲ್ಲ. ಆದರೆ ಜಡಿಮಳೆಯ ದಿನ ಕೂತು ಪ್ಯಾಕ್ ಮಾಡಬೇಡಿ. ಗಾಳಿಯ ತೇವ ಒಳಗೇ ಸಿಕ್ಕಿಕೊಂಡು ಬೂಸ್ಟು ಹಿಡಿಯುತ್ತದೆ. ಬಿಸಿಲು ಬಿದ್ದ ದಿನ ಮಾಡಿ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಒಳಗೆ ಹಾಕಿ. ಪೊಟ್ಟಣ ಚಿತ್ರಕ್ಕೆ ತಾಗದಂತೆ, ಹಲಗೆಯ ಹೊರಗೆ.

ವಿಳಾಸದ ಒಂದು ಪ್ರತಿ ಒಳಗೂ ಇರಲಿ. ಹೊರಗಿನ ಚೀಟಿ ಮಳೆಗೆ ಕರಗಿದರೆ ಪೆಟ್ಟಿಗೆ ತೆರೆದವರಿಗೆ ಅದೊಂದೇ ದಾರಿ. ಟೇಪನ್ನು ನಡುವಿನ ಸೀಳಿಗೆ ಒಂದು, ಎರಡು ಬದಿಯ ಅಂಚಿಗೆ ಒಂದೊಂದು ಹಾಕಿ, ಮೇಲೂ ಕೆಳಗೂ.

ಈಗ ಪೆಟ್ಟಿಗೆ ಎತ್ತಿ ಅಲ್ಲಾಡಿಸಿ. ಒಳಗೆ ಏನಾದರೂ ಸದ್ದು ಮಾಡಿದರೆ ಬಿಚ್ಚಿ ಮತ್ತೆ ತುಂಬಿ. ಆಮೇಲೆ ಸೊಂಟದೆತ್ತರದಿಂದ ಒಂದು ಸಲ ಮೂಲೆ ಮೇಲೆ ಕೆಡವಿ. ಹೌದು, ನಿಮ್ಮ ಕೈಯಾರೆ. ಕೆಡವಲು ಕೈ ಬರುತ್ತಿಲ್ಲ ಎಂದರೆ ನಿಮ್ಮ ಪ್ಯಾಕಿಂಗ್ ಮೇಲೆ ನಿಮಗೇ ನಂಬಿಕೆಯಿಲ್ಲ ಎಂದರ್ಥ, ಇನ್ನೊಂದು ಪದರ ಹಾಕಿ.

"ಫ್ರಜೈಲ್" ಸ್ಟಿಕ್ಕರ್, ಮೇಲ್ಮುಖ ಬಾಣ ಅಂಟಿಸಿ, ಬೇಡ ಎನ್ನುವುದಿಲ್ಲ. ರಾತ್ರಿ ಎರಡು ಗಂಟೆಗೆ ಗೋದಾಮಿನಲ್ಲಿ ನೂರಾರು ಪೆಟ್ಟಿಗೆ ಇಳಿಸುವವನಿಗೆ ಅದನ್ನು ಓದಲು ಪುರಸೊತ್ತು ಇರುತ್ತದೆಯೇ ಎಂಬುದು ಮಾತ್ರ ನಿಮ್ಮ ಊಹೆಗೆ.

ಸುತ್ತಿ ಕಳಿಸಬಹುದೇ?

ಎಲ್ಲರೂ ಕೇಳುವುದು ದುಡ್ಡಿನ ಕಾರಣಕ್ಕೆ, ಆ ಲೆಕ್ಕವನ್ನೇ ಮೊದಲು ನೋಡೋಣ. ಕೊರಿಯರ್‌ನವರು ಪೆಟ್ಟಿಗೆಯ ನಿಜವಾದ ತೂಕ ಮತ್ತು ಅದು ಹಿಡಿಯುವ ಜಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತಾರೆ. ಜಾಗದ ತೂಕಕ್ಕೆ ವಾಲ್ಯೂಮೆಟ್ರಿಕ್ ತೂಕ ಎನ್ನುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಕೆಲವರು ಬೇರೆ ಸಂಖ್ಯೆ ಬಳಸುತ್ತಾರೆ, ಕೇಳಿಕೊಳ್ಳಿ. 36×24 ಇಂಚಿನ ಕ್ಯಾನ್ವಾಸಿಗೆ ಪೆಟ್ಟಿಗೆ ಸುಮಾರು 105×75×15 ಸೆಂ.ಮೀ. ಆಗುತ್ತದೆ. ಲೆಕ್ಕ ಹಾಕಿದರೆ 23.6 ಕೆ.ಜಿ. ತಕ್ಕಡಿಯಲ್ಲಿ ಆರು ಕೆ.ಜಿ. ಇದ್ದರೂ ನೀವು ಕೊಡುವುದು 23.6 ಕೆ.ಜಿ.ಯ ದರ. ಅದೇ ಚಿತ್ರವನ್ನು ಸುತ್ತಿ 75×15×15ರ ಉದ್ದ ಪೆಟ್ಟಿಗೆಯಲ್ಲಿಟ್ಟರೆ 3.4 ಕೆ.ಜಿ. ಚಿತ್ರದ ಬೆಲೆ ಹೇಳುವ ಮೊದಲೇ ಈ ಲೆಕ್ಕ ಹಾಕಿಕೊಳ್ಳದೆ "ಕೊರಿಯರ್ ಖರ್ಚು ನಮ್ಮದೇ" ಎಂದವರು ಆಮೇಲೆ ನನಗೆ ಫೋನ್ ಮಾಡುತ್ತಾರೆ.

ಹಾಗಾಗಿ ಸುತ್ತಬಹುದಾದದ್ದನ್ನು ಸುತ್ತಿ. ತೆಳುವಾಗಿ ಬರೆದ ಕ್ಯಾನ್ವಾಸ್, ಜಲವರ್ಣ, ಶಾಯಿ ಚಿತ್ರ, ಛಾಪಾಚಿತ್ರಗಳಿಗೆ (ಅಚ್ಚಿನಿಂದ ಒತ್ತಿ ತೆಗೆದ ಚಿತ್ರ) ತೊಂದರೆಯಿಲ್ಲ. ದಪ್ಪ ಬಣ್ಣ, ಹಳೇ ತೈಲವರ್ಣ, ಕೊಲಾಜ್, ಚಿನ್ನದ ರೇಕು ಹಚ್ಚಿದ್ದು, ಇವನ್ನು ಸುತ್ತಬೇಡಿ.

ಸುತ್ತುವಾಗ ಬಣ್ಣದ ಮುಖ ಹೊರಗಿರಲಿ. ಚಿತ್ರ ಭದ್ರವಾಗಿರಲಿ ಎಂದು ಕೈ ತಾನಾಗಿಯೇ ಮುಖವನ್ನು ಒಳಗೆ ಸುತ್ತುತ್ತದೆ, ಅದು ತಪ್ಪು. ಹೊರಗಿದ್ದರೆ ಬಣ್ಣದ ಪದರ ತುಸು ಹಿಗ್ಗುತ್ತದೆ, ಬಿಡಿಸಿದಾಗ ಮೊದಲಿನಂತಾಗುತ್ತದೆ. ಒಳಗಿದ್ದರೆ ಒತ್ತಿಕೊಂಡು ಸುಕ್ಕಾಗಿ ಹೊಪ್ಪಳೆ ಏಳುತ್ತದೆ. ಪ್ಲಂಬಿಂಗ್ ಅಂಗಡಿಯಿಂದ ಪಿವಿಸಿ ಪೈಪು ತನ್ನಿ, 4 ಇಂಚಿನದು. ದೊಡ್ಡ ಕ್ಯಾನ್ವಾಸ್ ಆದರೆ 6 ಇಂಚಿನದು, ಪೆಟ್ಟಿಗೆಯೂ ಅಷ್ಟಕ್ಕೆ ದೊಡ್ಡದಾಗುತ್ತದೆ. ಪೈಪಿನ ಒಳಗೆ ಚಿತ್ರ ತುರುಕುವುದಲ್ಲ, ಪೈಪಿನ ಹೊರಮೈಗೆ ಸುತ್ತುವುದು. ಪೈಪಿಗೆ ಒಂದು ಸುತ್ತು ಬಿಳಿ ಕಾಗದ, ಅದರ ಮೇಲೆ ಮುಖದ ಮೇಲೆ ರಿಲೀಸ್ ಪೇಪರ್ ಹಾಸಿದ ಕ್ಯಾನ್ವಾಸ್, ಮೇಲೆ ಬಬಲ್ ರ್ಯಾಪ್, ನಂತರ ಪಾಲಿಥಿನ್. ಪೈಪು ಚಿತ್ರಕ್ಕಿಂತ ಎರಡೂ ತುದಿಯಲ್ಲಿ ಎರಡಿಂಚು ಉದ್ದ ಇರಲಿ. ಕೊನೆಗೆ ಇದನ್ನು ಚೌಕದ ರಟ್ಟಿನ ಪೆಟ್ಟಿಗೆಗೆ ಇಳಿಸಿ. ಉರುಟಾದದ್ದು ಉರುಳುತ್ತದೆ, ಉರುಳಿದ್ದು ಚಕ್ರದಡಿ ಸಿಗುತ್ತದೆ.

ಮರದ ಚೌಕಟ್ಟಿನಿಂದ ಬಿಚ್ಚುವಾಗ ಸುತ್ತಲಿನ ಖಾಲಿ ಬಟ್ಟೆಯನ್ನು ಕತ್ತರಿಸಬೇಡಿ, ಮತ್ತೆ ಬಿಗಿಯಲು ಎರಡು ಮೂರಿಂಚು ಬೇಕು. ಕೊಂಡವರಿಗೆ ಮೊದಲೇ ಹೇಳಿಬಿಡಿ: ಪೆಟ್ಟಿಗೆ ಬಂದ ಮರುದಿನವೇ ಬಿಡಿಸಿ, ಮಲಗಿಸಿ, ಕಟ್ಟು ಹಾಕುವವರಲ್ಲಿ ಬಿಗಿಸಿಕೊಳ್ಳಿ ಎಂದು. ಅಟ್ಟದ ಮೇಲೆ ಆರು ತಿಂಗಳು ಸುತ್ತಿಟ್ಟರೆ ಚಿತ್ರ ಆ ಆಕಾರವನ್ನೇ ಕಲಿಯುತ್ತದೆ.

ಗಾಜು

ತೆಗೆದುಬಿಡಿ. ನನ್ನ ಸಲಹೆ ಇಷ್ಟೇ. ಅದರ ಬದಲು 2 ಅಥವಾ 3 ಮಿ.ಮೀ. ಅಕ್ರಿಲಿಕ್ ಹಾಳೆ ಹಾಕಿಸಿ, ಇಲ್ಲವೇ ಕಟ್ಟಿಲ್ಲದೆ ಕಳಿಸಿ, ಅವರೂರಿನಲ್ಲೇ ಹಾಕಿಸಿಕೊಳ್ಳಲಿ. ಇದ್ದಿಲು, ಪ್ಯಾಸ್ಟಲ್ ಚಿತ್ರಕ್ಕೆ ಮಾತ್ರ ಅಕ್ರಿಲಿಕ್ ಹಾಳೆ ಬೇಡ. ಅದರಲ್ಲಿ ಸ್ಥಿರವಿದ್ಯುತ್ತು ಕೂಡಿಕೊಂಡು ಪುಡಿಯನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರು ಎತ್ತುವ ಆಟ ನೆನಪಿದೆಯಲ್ಲ, ಅದೇ.

ಗಾಜಿನೊಡನೆಯೇ ಕಳಿಸಬೇಕಾಗಿ ಬಂದರೆ ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡ ಉದ್ದ, ಜಾಲರಿಯಂತೆ ಹಾಕಿ. ಗಾಜು ಒಡೆಯುವುದನ್ನು ಅದು ತಡೆಯುವುದಿಲ್ಲ, ಒಡೆದ ಚೂರು ಚಿತ್ರದ ಮೇಲೆ ಬೀಳದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ.

ಮೈಸೂರು ಶೈಲಿಯ ಚಿತ್ರಗಳು

ಇದಕ್ಕೆ ಬೇರೆ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಸಾಮಾನ್ಯ ಕ್ಯಾನ್ವಾಸಿನ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಒಡವೆ, ಪ್ರಭಾವಳಿ, ಸೀರೆಯಂಚುಗಳಲ್ಲಿ ಉಬ್ಬಿಬರುವ ಜೆಸ್ಸೊ ಕೆಲಸ (ಬಿಳಿ ಪುಡಿಯನ್ನು ಗೋಂದಿನಲ್ಲಿ ಕಲಸಿ ಕುಂಚದಲ್ಲಿ ಎತ್ತಿ ಮಾಡುವ ಉಬ್ಬುಗೆಲಸ) ಒಣಗಿದ ಮೇಲೆ ಹಪ್ಪಳದಷ್ಟೇ ಗರಿಗರಿ. ಅದರ ಮೇಲೆ ಚಿನ್ನದ ರೇಕು. ಹಲಗೆ ಒಂದು ಎಳೆ ಬಗ್ಗಿದರೂ ಉಬ್ಬಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ, ಏನಾದರೂ ಉಜ್ಜಿದರೆ ರೇಕು ಮಾಸುತ್ತದೆ. ತಂಜಾವೂರಿನದಕ್ಕೆ ಹೋಲಿಸಿದರೆ ಮೈಸೂರಿನ ಉಬ್ಬು ತೆಳು, ಅದಕ್ಕೇ ಜನ ಚಪ್ಪಟೆ ಚಿತ್ರ ಎಂದುಕೊಂಡು ಮುಖದ ಮೇಲೇ ಮೆತ್ತೆ ಒತ್ತಿ ಕಟ್ಟಿಬಿಡುತ್ತಾರೆ.

ಇದರ ಮುಖಕ್ಕೆ ಏನನ್ನೂ ತಾಗಿಸಬೇಡಿ, ಗ್ಲಾಸಿನ್ ಕೂಡ ಬೇಡ. ಚಿತ್ರವನ್ನು ಅದಕ್ಕಿಂತ ದೊಡ್ಡದಾದ ಪ್ಲೈವುಡ್ ಹಲಗೆಯ ಮೇಲೆ ಮಲಗಿಸಿ, ಬದಿಗಳಿಗೆ ಫೋಮ್ ಪಟ್ಟಿ ಕೊಟ್ಟು ಜರುಗದಂತೆ ಮಾಡಿ. ಸುತ್ತಲೂ ಒಂದು ಇಂಚು ಎತ್ತರದ ಮರದ ಪಟ್ಟಿಯ ಚೌಕ ಹೊಡೆದು, ಮೇಲೆ ಇನ್ನೊಂದು ಪ್ಲೈವುಡ್ ಮುಚ್ಚಳ ಸ್ಕ್ರೂ ಹಾಕಿ ಮುಚ್ಚಿ. ಮೊಳೆ ಹೊಡೆಯಬೇಡಿ, ಸುತ್ತಿಗೆಯ ಒಂದೊಂದು ಏಟೂ ಜೆಸ್ಸೊಗೆ ತಾಗುತ್ತದೆ. ಚಿತ್ರ ಒಳಗೆ ಗಾಳಿಯಲ್ಲಿರುತ್ತದೆ. ಈ ಚಪ್ಪಟೆ ಪೆಟ್ಟಿಗೆಯನ್ನು ಆಮೇಲೆ ಹಂತ 6ರ ಪ್ರಕಾರ ರಟ್ಟಿನ ಪೆಟ್ಟಿಗೆಗೆ ಇಳಿಸಿ. ಬಡಗಿಗೆ ಒಂದು ದಿನದ ಕೂಲಿ ಆಗುತ್ತದೆ, ಆಗಲಿ. ತಿಂಗಳುಗಟ್ಟಲೆ ಕೂತು ಬರೆದದ್ದಕ್ಕೆ ಅದು ಹೆಚ್ಚಲ್ಲ.

ಹಂತ 7: ಯಾರ ಕೈಗೆ ಕೊಡುವುದು, ವಿಮೆ ಯಾವುದು

ರಾಜ್ಯದೊಳಗಾದರೆ ನನಗಿಷ್ಟದ ದಾರಿ ಬಸ್ಸು. ಕೆಎಸ್‌ಆರ್‌ಟಿಸಿ 2021ರಲ್ಲಿ "ನಮ್ಮ ಕಾರ್ಗೋ" ಶುರುಮಾಡಿತು. ನೇರ ಬಸ್ಸಿರುವ ಊರಾದರೆ ಪೆಟ್ಟಿಗೆ ಕೈಬದಲಾಗುವುದು ಕಡಿಮೆ. ಎಷ್ಟು ಸಲ ಕೈಬದಲಾಗುತ್ತದೋ ಅಷ್ಟು ಸಲ ಬೀಳುತ್ತದೆ, ಇದು ಎಲ್ಲ ಸಾಗಣೆಗೂ ಹೊಂದುವ ಲೆಕ್ಕ. ಸಣ್ಣ ಚಿತ್ರ, ಸುತ್ತಿದ್ದು ಆದರೆ ಸ್ಪೀಡ್ ಪೋಸ್ಟ್ ಸಾಕು. ದೊಡ್ಡದಕ್ಕೆ ಅಳತೆಯ ಮಿತಿ ಇರುತ್ತದೆ, ಪೆಟ್ಟಿಗೆ ಮಾಡುವ ಮೊದಲೇ ವಿಚಾರಿಸಿ, ಮಾಡಿಕೊಂಡು ಹೋಗಿ ಕೌಂಟರಿನಿಂದ ವಾಪಸು ಹೊತ್ತು ತರಬೇಡಿ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿ ಅಡಿ ಆನ್‌ಲೈನಿನಲ್ಲಿ ಮಾಡಿಸುವ ಪತ್ರ) ಕೇಳುತ್ತಾರೆ.

ರಸೀತಿಗೆ ಸಹಿ ಹಾಕುವ ಮೊದಲು ಎರಡು ಕಡೆ ಕಣ್ಣಾಡಿಸಿ. ಒಂದು, "ಓನರ್ಸ್ ರಿಸ್ಕ್" ಎಂದಿದೆಯಾ? ಹಾಗೆಂದರೆ ಹಾನಿಯಾದರೆ ಹೊಣೆ ನಿಮ್ಮದು. ಎರಡು, ಹಿಂಭಾಗದ ಸಣ್ಣಕ್ಷರದಲ್ಲಿ ಕಲಾಕೃತಿಗಳನ್ನು ಹೊರಗಿಟ್ಟಿದ್ದಾರಾ? ಎಷ್ಟೋ ಕಡೆ ಇಟ್ಟಿರುತ್ತಾರೆ. "ಮೂಲ ಚಿತ್ರಕ್ಕೆ ನಿಮ್ಮ ವಿಮೆ ಅನ್ವಯಿಸುತ್ತದೆಯೇ?" ಎಂದು ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಕೌಂಟರಿನ ಹುಡುಗ "ಏನೂ ಆಗಲ್ಲ ಸಾರ್" ಅನ್ನುವುದು ವಿಮೆಯಲ್ಲ.

ಬೆಲೆ ಹೆಚ್ಚಿದ್ದರೆ ವಿಮಾ ಕಂಪನಿಗಳಲ್ಲಿ ಪ್ರತ್ಯೇಕ ಇನ್‌ಲ್ಯಾಂಡ್ ಟ್ರಾನ್ಸಿಟ್ ಪಾಲಿಸಿ, ಎಂದರೆ ದೇಶದೊಳಗಿನ ಸಾಗಣೆಯ ವಿಮೆ, ಸಿಗುತ್ತದೆ. ಅದರಲ್ಲಿ ಎ, ಬಿ, ಸಿ ಎಂದು ಬಗೆಗಳಿವೆ. ಬಿ ಎಂದರೆ ಬೆಂಕಿ, ವಾಹನ ಡಿಕ್ಕಿ, ಮಗುಚುವುದು ಇಂಥ ಪಟ್ಟಿಮಾಡಿದ ಅವಘಡಗಳಿಗೆ ಮಾತ್ರ. ಎತ್ತಿ ಇಳಿಸುವಾಗ ಬಿದ್ದು ಮುರಿದದ್ದಕ್ಕೆ ಎ ಬೇಕು. ಎ ಇದ್ದರೂ ಒಂದು ಷರತ್ತು ತಪ್ಪುವುದಿಲ್ಲ: ಪ್ಯಾಕಿಂಗ್ ಸಾಲದೆ ಆದ ಹಾನಿಗೆ ಪರಿಹಾರವಿಲ್ಲ. ಹಂತ 2ರಿಂದ ತೆಗೆದ ಫೋಟೋಗಳು ಕೆಲಸಕ್ಕೆ ಬರುವುದು ಇಲ್ಲೇ.

ಹಂತ 8: ಹೊರದೇಶಕ್ಕಾದರೆ

ಮಾರಿದ ಚಿತ್ರವನ್ನು ಕಳಿಸುವುದು ರಫ್ತು, ನೆಂಟರಿಗೆ ಉಪ್ಪಿನಕಾಯಿ ಕಳಿಸಿದಂತಲ್ಲ. ಐಇಸಿ ಎಂಬ ರಫ್ತುದಾರರ ಸಂಖ್ಯೆ ಮಾಡಿಸಿಕೊಳ್ಳಿ, ಆನ್‌ಲೈನಿನಲ್ಲೇ ಆಗುತ್ತದೆ. ಅಂಚೆಯಲ್ಲಿ ಕಳಿಸುವವರಿಗೆ "ಡಾಕ್ ಘರ್ ನಿರ್ಯಾತ್ ಕೇಂದ್ರ" ಎಂಬ ರಫ್ತು ಕೌಂಟರುಗಳಿವೆ. ಕೊರಿಯರ್ ಆದರೆ ಸಿಎಸ್‌ಬಿ-5 ಎಂಬ ರಫ್ತು ಪತ್ರವನ್ನು ಅವರೇ ತುಂಬುತ್ತಾರೆ, ಅದರಲ್ಲಿ ಕಳಿಸುವಂತೆ ನೀವು ಬಾಯಿಬಿಟ್ಟು ಹೇಳಬೇಕು.

ಕಸ್ಟಮ್ಸ್ ಪತ್ರದಲ್ಲಿ ಕೈಯಲ್ಲಿ ಬರೆದ ಚಿತ್ರಕ್ಕೆ ಸರಕು ಸಂಕೇತ 9701, ಮೂಲ ಛಾಪಾಚಿತ್ರಕ್ಕೆ 9702, ಮೂಲ ಶಿಲ್ಪಕ್ಕೆ 9703. "ವಾಲ್ ಡೆಕೋರ್" ಎಂದು ಗೀಚಬೇಡಿ, ಆ ಕಡೆಯವರು ಅಲಂಕಾರದ ಸಾಮಾನಿನ ಸುಂಕ ಹಾಕುತ್ತಾರೆ. "ಕೈಯಿಂದ ರಚಿಸಿದ ಮೂಲ ಚಿತ್ರ, ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್, ರಚಿಸಿದ ವರ್ಷ ಇಂಥದ್ದು" ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು, ಹಾಗಾಗಿ ಸಣ್ಣ ಚಿತ್ರಕ್ಕೂ ಈ ವಿವರ ಸರಿಯಿರಲೇಬೇಕು. ಸುಂಕ ಉಳಿಸಲು ಬೆಲೆ ಕಡಿಮೆ ತೋರಿಸಿ ಎಂದು ಕೊಂಡವರೇ ಹೇಳಿದರೂ ಒಪ್ಪಬೇಡಿ. ಅದು ತಪ್ಪು, ಜೊತೆಗೆ ಚಿತ್ರ ಕಳೆದುಹೋದರೆ ವಿಮೆ ಕೊಡುವುದೂ ಆ ಕಡಿಮೆ ಬೆಲೆಯನ್ನೇ.

ಮರದ ಪೆಟ್ಟಿಗೆ ಮಾಡಿಸಿದ್ದರೆ ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ನಿಯಮ ಇದೆ. ಮರದಲ್ಲಿ ಹುಳ ದೇಶ ದಾಟಬಾರದೆಂದು ಅದರ ಒಳತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಒತ್ತಿರಬೇಕು. ಮುದ್ರೆಯಿಲ್ಲದ ಮರ ಬಂದರಿನಲ್ಲೇ ನಿಲ್ಲುತ್ತದೆ. ಪ್ಲೈವುಡ್‌ಗೆ ಈ ನಿಯಮವಿಲ್ಲ, ಅದರ ಸುತ್ತ ಹೊಡೆಯುವ ಮರದ ಪಟ್ಟಿಗೆ ಇದೆ. ಪಟ್ಟಿಯನ್ನೂ ಪ್ಲೈವುಡ್ಡಿನಿಂದಲೇ ಸೀಳಿಸಿದರೆ ತಲೆನೋವು ತಪ್ಪುತ್ತದೆ.

ಇನ್ನು ಅಜ್ಜನ ಮನೆಯ ಹಳೇ ಚಿತ್ರ. ನೂರು ವರ್ಷ ದಾಟಿದ್ದರೆ ಅದು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಬರುತ್ತದೆ, ದೇಶದಿಂದ ಹೊರಗೆ ಕಳಿಸುವಂತಿಲ್ಲ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್ ಸೇರಿ ಒಂಬತ್ತು ಕಲಾವಿದರ ಕೃತಿಗಳಿಗೂ ಅದೇ ನಿರ್ಬಂಧ. ನಿಮ್ಮದು ಹೊಸ ಚಿತ್ರವೇ ಆದರೂ ಮೈಸೂರು ಶೈಲಿಯದು, ಹಳೇ ಕಟ್ಟಿನಲ್ಲಿ ಕೂತಿದ್ದು ಆಗಿದ್ದರೆ ಕಸ್ಟಮ್ಸ್‌ನವರಿಗೆ ಅನುಮಾನ ಬರುವುದು ಸಹಜ. ಭಾರತೀಯ ಪುರಾತತ್ವ ಸರ್ವೇಕ್ಷಣದಿಂದ "ಇದು ಪುರಾವಸ್ತುವಲ್ಲ" ಎಂಬ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಹಂತ 9: ಕೊಂಡವರಿಗೆ ಒಂದು ಸಂದೇಶ

ಪೆಟ್ಟಿಗೆ ಹೊರಟ ದಿನವೇ ಟ್ರ್ಯಾಕಿಂಗ್ ಸಂಖ್ಯೆಯೊಂದಿಗೆ ಇದನ್ನೂ ಕಳಿಸಿ, ಬೇಕಾದರೆ ಹೀಗೇ ನಕಲು ಮಾಡಿಕೊಳ್ಳಿ:

"ಪೆಟ್ಟಿಗೆ ಬಂದಾಗ ಹೊರಗಿನ ಫೋಟೋ ತೆಗೆಯಿರಿ. ಜಜ್ಜಿದ್ದರೆ ರಸೀತಿಯಲ್ಲಿ ಹಾಗೆಂದು ಬರೆದೇ ಸಹಿ ಹಾಕಿ. ತಕ್ಷಣ ಬಿಚ್ಚಬೇಡಿ, ಒಂದು ದಿನ ಮನೆಯ ಒಳಗೆ ಹಾಗೇ ಇರಲಿ, ಒಳಗಿನ ಚಿತ್ರ ನಿಮ್ಮೂರಿನ ಹವೆಗೆ ಹೊಂದಿಕೊಳ್ಳಲಿ. ಬಿಚ್ಚುವಾಗ ವಿಡಿಯೋ ಮಾಡಿ. ಬ್ಲೇಡು ಬೇಡ, ಟೇಪಿನ ತುದಿಗಳನ್ನು ಮಡಚಿಟ್ಟಿದ್ದೇನೆ, ಹಿಡಿದು ಎಳೆದರೆ ಬರುತ್ತದೆ. ಕೊಕ್ಕೆ ಮತ್ತು ತಂತಿ ಲಕೋಟೆಯಲ್ಲಿದೆ, ರಟ್ಟಿನ ಜೊತೆ ಎಸೆಯಬೇಡಿ. ಪೆಟ್ಟಿಗೆಯನ್ನು ಒಂದು ತಿಂಗಳು ಇಟ್ಟುಕೊಳ್ಳಿ."

ಕೊನೆಯ ಸಾಲು ಯಾಕೆಂದರೆ, ಚಿತ್ರ ಗೋಡೆಗೆ ಹೊಂದಲಿಲ್ಲವೆಂದು ವಾಪಸು ಕಳಿಸುವವರು ಇರುತ್ತಾರೆ. ಆಗ ಅವರ ಕೈಯಲ್ಲಿರುವುದು ಒಂದು ಬೆಡ್‌ಶೀಟ್ ಮತ್ತು ಸೆಲ್ಲೋಟೇಪ್.